ರೈಟ್ ಅಂದ ಮೇಲೆ

ನನಗೆ ಬರುವ ಇಂಗ್ಲಿಷ್ ಒಂದೇ ಪದದ್ದು. ಹೈಸ್ಕೂಲಿನಲ್ಲಿ ಮೇಷ್ಟರು ಬೆತ್ತ ಹಿಡಿದು ಕಲಿಸಿದ ಉಳಿದ ಪದಗಳೆಲ್ಲ ಪರೀಕ್ಷೆ ಮುಗಿದ ಮಾರನೆಯ ದಿನವೇ ನನ್ನನ್ನು ಬಿಟ್ಟು ಹೋದವು. ಇದೊಂದು ಮಾತ್ರ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಇಷ್ಟು ವರ್ಷ ನನಗೆ ಅನ್ನವನ್ನೂ ಹಾಕಿತು. ಆ ಪದ ‘ರೈಟ್’. ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ನಾನು ಒಂದು ಖಾಸಗಿ ಬಸ್ಸಿನ ಏಜೆಂಟ್. ಏಜೆಂಟ್ ಎಂದ ಕೂಡಲೇ ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ಹೊಳಲ್ಕೆರೆ, ದುರ್ಗ ಎಂದು ಗಂಟಲು ಹರಿಯುವಂತೆ ಕೂಗಿ ಜನರನ್ನು ಸೇರಿಸುವುದು, ಮುದುಕಿಯರನ್ನು ಕೈಹಿಡಿದು ಹತ್ತಿಸುವುದು, ಕುರಿಮರಿ ಕಂಕುಳಲ್ಲಿ ಇಟ್ಟುಕೊಂಡು ಬಂದವರ ಹತ್ತಿರ ಜಗಳವಾಡಿ ಆಮೇಲೆ ಮರಿಸಮೇತ ಅವರನ್ನೂ ಹತ್ತಿಸುವುದು, ಟಾಪಿನ ಮೇಲೆ ತೆಂಗಿನಕಾಯಿ ಚೀಲ ಏರಿಸುವುದು, ಕೊನೆಗೆ ಬಸ್ಸಿನ ಮೈಗೆ ಅಂಗೈಯಿಂದ ಎರಡು ಸಲ ತಟ್ಟಿ ‘ರೈಟ್!’ ಎನ್ನುವುದು. ಹಾಗೆಂದ ಮೇಲೆ ಬಸ್ಸು ಹೋಗುತ್ತದೆ, ನಾನು ಉಳಿಯುತ್ತೇನೆ. ಕೆಲಸ ಇಷ್ಟೇ.

ಈ ಪದವನ್ನು ಇಂಗ್ಲಿಷಿನವರು ‘ಸರಿ’ ಎನ್ನುವುದಕ್ಕೆ ಇಟ್ಟುಕೊಂಡಿದ್ದರಂತೆ. ಇಂಥ ಗಟ್ಟಿ ಪದವನ್ನು ಒಂದೇ ಗೂಟಕ್ಕೆ ಕಟ್ಟಿಹಾಕುವುದು ಅನ್ಯಾಯ ಎಂದು ನಮ್ಮ ಸೀಮೆಯ ಜನ ಅದರ ಹಗ್ಗ ಬಿಚ್ಚಿ ಮೇಯಲು ಬಿಟ್ಟಿದ್ದಾರೆ. ಸ್ಟ್ಯಾಂಡಿನ ಮೂಲೆಯಲ್ಲಿ ಸೈಕಲ್ ರಿಪೇರಿ ಮಾಡುವವನು ಪಂಕ್ಚರ್ ಹಾಕಿ, ‘ರೈಟಾತು, ತಗಳ್ರಿ’ ಎಂದರೆ ಸೈಕಲ್ ಇನ್ನು ಮನೆಯ ತನಕ ಓಡುತ್ತದೆ ಎಂದು ಅರ್ಥ. ಜ್ವರ ಬಂದು ಮಲಗಿದ್ದವನು ಕಂಬಳಿ ಹೊದ್ದುಕೊಂಡೇ ಎದ್ದುಬಂದು, ‘ಈಗ ರೈಟಾಗೀನಿ’ ಎನ್ನುತ್ತಾನೆ. ಸಂತೆಯ ದಿನ ಕುರಿ ವ್ಯಾಪಾರದವರು ಟವೆಲ್ಲಿನ ಅಡಿಯಲ್ಲಿ ಒಬ್ಬರ ಬೆರಳು ಒಬ್ಬರು ಹಿಡಿದು ಗುಟ್ಟಾಗಿ ಬೆಲೆ ಕಟ್ಟುತ್ತ ಮುಖ ಮಾತ್ರ ಎತ್ತಲೋ ತಿರುಗಿಸಿ ನಿಂತಿರುತ್ತಾರೆ; ಅದರಲ್ಲಿ ಒಬ್ಬ ‘ರೈಟ್’ ಎಂದನೆಂದರೆ ಆ ಕ್ಷಣಕ್ಕೆ ಕುರಿಗೆ ಯಜಮಾನ ಬದಲಾದ. ಸಂಜೆ ಹೊತ್ತು ಸಾರಾಯಿ ಅಂಗಡಿ ಕಡೆಯಿಂದ ರಸ್ತೆಯ ಅಗಲವನ್ನೆಲ್ಲ ಅಳೆದುಕೊಂಡು ಬರುವವನನ್ನು ಕಂಡು, ‘ಅವ್ನು ಇವತ್ತು ಫುಲ್ ರೈಟಾಗವ್ನೆ’ ಎನ್ನುತ್ತಾರೆ. ಎಣ್ಣೆ ಮಿಲ್ಲಿನಲ್ಲಿ ಯಾರನ್ನಾದರೂ ಕೆಲಸದಿಂದ ತೆಗೆದರೆ, ‘ರೈಟ್ ಹೇಳಿಬಿಟ್ರಂತೆ’. ನಮ್ಮ ಟೀ ಅಂಗಡಿಯ ನಾಗಣ್ಣ ಕೆಲವು ದಿನ ಅಂಗಡಿ ಮುಚ್ಚಿದ್ದ. ತೆರೆದ ದಿನ ತಲೆ ಬೋಳಿಸಿಕೊಂಡು ಕೂತಿದ್ದವನನ್ನು ಏನಪ್ಪ ಎಂದು ಕೇಳಿದೆ. ‘ನಮ್ಮಪ್ಪ ರೈಟ್ ಅಂದುಬಿಟ್ಟ ಕಣ್ರಿ’ ಎಂದು ಹೇಳಿ ಕಣ್ಣೊರೆಸಿಕೊಂಡು ಟೀ ಸೋಸಿದ. ನನಗೂ ಕಣ್ಣು ತುಂಬಿತು. ನಮ್ಮಪ್ಪ ಸತ್ತಾಗ ನಾನು ಏನೆಂದು ಹೇಳಿಕೊಂಡಿದ್ದೆನೋ ನೆನಪಾಗಲಿಲ್ಲ. ಹೇಳಿಕೊಳ್ಳಲು ಯಾರಾದರೂ ಇದ್ದರೋ ಇಲ್ಲವೋ.

ಇವೆಲ್ಲದರಲ್ಲಿ ನಾನು ಹೆದರುವ ಅರ್ಥ ಒಂದಿದೆ. ಅದು ‘ರೈಟ್ ಬಿಡ್ರಿ’. ಇದನ್ನು ಬಹಳ ಮೆಲ್ಲಗೆ, ಮುಖದಲ್ಲಿ ನಗುವಿಟ್ಟುಕೊಂಡು ಹೇಳುತ್ತಾರೆ. ಈ ವಿಷಯ ಇಲ್ಲಿಗೆ ಮುಗಿಯಿತು, ಇನ್ನು ಎತ್ತಬೇಡಿ ಎಂದು ಅದರ ಅರ್ಥ. ಬೈಗುಳಕ್ಕಾದರೆ ತಿರುಗಿ ಬೈಯಬಹುದು, ಜಗಳಕ್ಕಾದರೆ ರಾಜಿ ಇದೆ. ರೈಟ್ ಬಿಡ್ರಿ ಎಂದವರ ಹತ್ತಿರ ಏನು ಮಾಡಲೂ ಬರುವುದಿಲ್ಲ.

ನನ್ನ ಕಷ್ಟ ಏನೆಂದರೆ, ದಿನವಿಡೀ ಈ ಪದವನ್ನು ಆಡಿ ಆಡಿ ನನಗೆ ಬೇರೆ ಮಾತೇ ಮರೆತಂತಾಗಿದೆ. ಸ್ಟ್ಯಾಂಡಿನಲ್ಲಿ ದಿನಕ್ಕೆ ನೂರಾರು ಜನ ನನ್ನ ಹತ್ತಿರ ಮಾತನಾಡುತ್ತಾರೆ. ಬಸ್ಸು ಎಷ್ಟೊತ್ತಿಗೆ, ಸೀಟು ಐತೇನ್ರಿ, ಸ್ವಲ್ಪ ಈ ಗಂಟು ನೋಡ್ಕಳ್ರಿ. ಎಲ್ಲರೂ ‘ಏಜೆಂಟ್ರೇ’ ಎನ್ನುತ್ತಾರೆ. ನನಗೆ ರಂಗಪ್ಪ ಎಂಬ ಹೆಸರಿದೆ ಎನ್ನುವುದು ನನಗೆ ಮತ್ತು ಮತದಾರರ ಪಟ್ಟಿಗೆ ಮಾತ್ರ ಗೊತ್ತು. ಸಂಜೆ ಕೊನೆಯ ಬಸ್ಸು ಕಳಿಸಿ, ಹೋಟೆಲಿನಲ್ಲಿ ಊಟ ಮುಗಿಸಿ, ತೆಂಗಿನಕಾಯಿ ಗೋದಾಮಿನ ಹಿಂದಿನ ನನ್ನ ಬಾಡಿಗೆ ಕೋಣೆಗೆ ಹೋಗುತ್ತೇನೆ. ಬೀಗ ತೆಗೆದು ಒಳಗೆ ಕಾಲಿಟ್ಟರೆ ಬೆಳಿಗ್ಗೆ ಹೇಗೆ ಬಿಟ್ಟು ಹೋಗಿದ್ದೆನೋ ಎಲ್ಲವೂ ಹಾಗೇ ಇರುತ್ತದೆ. ಚೊಂಬು ಅದೇ ಜಾಗದಲ್ಲಿ, ಚಾಪೆ ಅದೇ ಸುರುಳಿಯಲ್ಲಿ. ಸಂಸಾರಸ್ಥರು ಮನೆಯಲ್ಲಿ ಇಟ್ಟದ್ದು ಇಟ್ಟಲ್ಲಿ ಇರುವುದಿಲ್ಲ ಎಂದು ಗೋಳಾಡುತ್ತಾರಲ್ಲ, ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಒಂದು ದಿನವಾದರೂ ಆ ಚೊಂಬು ಬೇರೆ ಕಡೆ ಇರಬಾರದೇ ಎಂದು ಆಸೆಯಾಗುತ್ತದೆ. ದೀಪ ಆರಿಸುವಾಗ ಅಭ್ಯಾಸಬಲದಿಂದ ಗೋಡೆಗೆ ಎರಡು ಸಲ ತಟ್ಟಿ ‘ರೈಟ್’ ಎನ್ನುತ್ತೇನೆ. ಗೋಡೆ ಎಲ್ಲಿಗೂ ಹೋಗುವುದಿಲ್ಲ. ಅದೊಂದು ಸಮಾಧಾನ.

ಮದುವೆ ಯಾಕೆ ಆಗಲಿಲ್ಲ ಎಂದು ಕೇಳುತ್ತೀರಿ. ಅಪ್ಪ ಹೋದ ಮೇಲೆ ತಂಗಿಯದಾಗಲಿ ಎಂದು ಕಾಯ್ದೆ. ಅವಳನ್ನು ಐಮಂಗಲಕ್ಕೆ ಕೊಟ್ಟ ಮೇಲೆ ಅವ್ವ ಹಾಸಿಗೆ ಹಿಡಿದಳು. ಅವ್ವನೂ ಹೋದ ಮೇಲೆ ನೋಡಿಕೊಂಡರೆ ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು. ನನಗೆ ಹೆಣ್ಣು ನೋಡಬೇಕಾದವರು ಯಾರು ಎಂದು ಯೋಚಿಸಿದರೆ ನಾನೇ ಹಿರಿಯ, ನಾನೇ ಕಿರಿಯ. ನಮ್ಮ ಬಸ್ಸಿನ ಕಂಡಕ್ಟರ್ ತಿಪ್ಪೇಸ್ವಾಮಿ ಈ ಸಂಗತಿಯನ್ನು ಬಹಳ ದಿನ ಗಮನಿಸಿರಬೇಕು. ಅವನು ದುರ್ಗದ ಪಕ್ಕದ ಮದಕರಿಪುರದವನು, ಕುರಿ ಸಾಕುವ ಮನೆತನ. ನಮ್ಮದೂ ಅದೇ ಕುಲ. ಒಂದು ಬೆಳಿಗ್ಗೆ ನಾಗಣ್ಣನ ಅಂಗಡಿಯಲ್ಲಿ ಟೀ ಕುಡಿಯುತ್ತ ಅವನು ಇದ್ದಕ್ಕಿದ್ದಂತೆ ಹೇಳಿದ.

‘ಏಜೆಂಟ್ರೇ, ನಮ್ಮ ಚಿಕ್ಕಪ್ಪನ ಮಗಳು ಒಬ್ಳು ಅವ್ಳೆ, ಸಿದ್ದಮ್ಮ ಅಂತ. ಅವ್ರಪ್ಪಗೆ ಸೊಂಟ ಬಿದ್ಹೋಗಿ ಕುರಿ ಎಲ್ಲಾ ಅವ್ಳೇ ನೋಡ್ಕೊಂಡ್ಲು. ಅದ್ಕೇ ಮದ್ವೆ ತಡ ಆತು. ನೀವು ಒಂದ್ಸಲ ಬಂದು ನೋಡ್ರಿ. ಏನಂತೀರಿ?’

ಏನನ್ನಲಿ? ಬಾಯಿಂದ ಬಂದದ್ದು ಮಾತ್ರ ಅದೇ ಹಳೆಯ ‘ರೈಟ್’.

ಇಲ್ಲಿ ನಮ್ಮ ಬಸ್ಸಿನ ಎರಡು ಪದ್ಧತಿಗಳನ್ನು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಒಂದು ಎಲ್ಲರಿಗೂ ಗೊತ್ತಿರುವಂಥದ್ದು: ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದು. ಟವೆಲ್ ಬಿದ್ದ ಸೀಟಿನಲ್ಲಿ ಮನುಷ್ಯನೇ ಕೂತಿದ್ದಾನೆ ಎಂದು ತಿಳಿಯಬೇಕು. ಜಾತ್ರೆಯ ನೂಕುನುಗ್ಗಲಿನಲ್ಲೂ ಅದನ್ನು ತೆಗೆದು ಕೂರುವ ಧೈರ್ಯ ಯಾರೂ ಮಾಡುವುದಿಲ್ಲ. ಇನ್ನೊಂದು ಪದ್ಧತಿ ನಾನೇ ಮಾಡಿದ್ದು. ಮೊದಲೆಲ್ಲ ನಮ್ಮ ಬಸ್ಸು ಊರಿನವರ ಮನೆಯ ಗಾಡಿಯ ಹಾಗಿತ್ತು. ಗೌಡರ ಸೊಸೆ ಸೀರೆ ಉಡುತ್ತಿದ್ದಾಳೆ ಎಂದರೆ ನಿಲ್ಲುತ್ತಿತ್ತು, ಯಾರದೋ ಮೊಮ್ಮಗ ಬುತ್ತಿ ತರಲು ಮನೆಗೆ ಓಡಿದ್ದಾನೆ ಎಂದರೆ ನಿಲ್ಲುತ್ತಿತ್ತು, ಹೊರಟ ಮೇಲೂ ಹಿಂದಿನಿಂದ ಒಬ್ಬ ಟವೆಲ್ ಬೀಸಿದರೆ ನಿಲ್ಲುತ್ತಿತ್ತು. ಆಮೇಲೆ ಎಮರ್ಜೆನ್ಸಿ ಬಂತು. ರೈಲುಗಳು ಸರಿಯಾದ ಹೊತ್ತಿಗೆ ಓಡುತ್ತಿವೆ ಎಂದು ರೇಡಿಯೋದವರು ಹೇಳತೊಡಗಿದರು. ಬಸ್ಸಿನ ಮಾಲೀಕರಾದ ನಮ್ಮ ಸಾಹುಕಾರರು ಹೆದರಿ, ಬಸ್ಸು ತಡವಾಗಕೂಡದು ಎಂದರು. ನಾನು ಡ್ರೈವರ್ ಬಾಷಾ ಸಾಬರನ್ನು ಕರೆದು ಕಟ್ಟುನಿಟ್ಟಾಗಿ ಹೇಳಿದೆ: ‘ನಾನು ರೈಟ್ ಅಂದ ಮೇಲೆ ಹಿಂದೆ ಯಾರೇ ಕೂಗಲಿ, ಯಾರೇ ಓಡಿ ಬರಲಿ, ನಿಲ್ಲಿಸಕೂಡದು.’ ಬಾಷಾ ಸಾಬರು ಎದೆಯ ಮೇಲೆ ಕೈಯಿಟ್ಟು, ‘ನಿಮ್ ಮಾತಂದ್ರೆ ಮಾತು’ ಎಂದರು. ಅಂದಿನಿಂದ ಎಷ್ಟೋ ಜನ ಧೂಳಿನಲ್ಲಿ ನಿಂತು ನನ್ನನ್ನು ಶಪಿಸಿದ್ದಾರೆ. ಎಮರ್ಜೆನ್ಸಿ ಹೋಯಿತು, ನನ್ನ ಕಾನೂನು ಮಾತ್ರ ಹೋಗಲಿಲ್ಲ.

ಮದಕರಿಪುರಕ್ಕೆ ಹೋಗುವುದು ಬುಧವಾರ ಎಂದಾಯಿತು. ಮಧ್ಯಾಹ್ನ ರಾಹುಕಾಲ ಬರುವುದರೊಳಗೆ ಹೆಣ್ಣು ನೋಡುವ ಶಾಸ್ತ್ರ ಮುಗಿಯಬೇಕು ಎಂದು ಆ ಮನೆಯ ಹಿರಿಯರು ಹೇಳಿ ಕಳಿಸಿದ್ದರು. ನಮ್ಮ ಬೆಳಗಿನ ಬಸ್ಸಿಗೆ ಹೋದರೆ ದುರ್ಗ ಸೇರಿ, ಬಸ್ಸು ಅಲ್ಲಿ ನಿಲ್ಲುವ ಬಿಡುವಿನಲ್ಲಿ ತಿಪ್ಪೇಸ್ವಾಮಿಯೇ ನನ್ನನ್ನು ಊರಿಗೆ ಕರೆದುಕೊಂಡು ಹೋಗಿ ಬರಬಹುದಿತ್ತು. ಅದರ ಮುಂದಿನ ಬಸ್ಸಿಗೆ ಹೋದರೆ ರಾಹುಕಾಲದ ಹೊಟ್ಟೆಯಲ್ಲೇ ಇಳಿಯಬೇಕು. ನಾನು ಹೊಸ ರೆಕ್ಸಿನ್ ಬ್ಯಾಗು ಕೊಂಡೆ. ಅದರಲ್ಲಿ ಹೊಸದುರ್ಗದ ಒಳ್ಳೆಯ ತೆಂಗಿನಕಾಯಿ, ಬಾಳೆಹಣ್ಣು, ಹೂವು, ಮೈಸೂರುಪಾಕಿನ ಪೊಟ್ಟಣ, ಬೆವರಿದರೆ ಬದಲಿಸಲು ಇನ್ನೊಂದು ಅಂಗಿ, ಒಂದು ಬಾಚಣಿಗೆ. ಹಿಂದಿನ ದಿನ ಕ್ಷೌರದವನ ಹತ್ತಿರ ಕಿವಿಯ ಪಕ್ಕ ಸ್ವಲ್ಪ ಮೇಲಕ್ಕೇ ಕತ್ತರಿಸಲು ಹೇಳಿದ್ದೆ. ಅವನು ಬೆಳ್ಳಗಿದ್ದದ್ದನ್ನೆಲ್ಲ ತೆಗೆಯುವ ಭರದಲ್ಲಿ ನನ್ನನ್ನು ಪೊಲೀಸ್ ಟ್ರೈನಿಂಗಿಗೆ ಹೊರಟವನಂತೆ ಮಾಡಿ ಕಳಿಸಿದ. ಆ ಸಂಜೆ ಕೋಣೆಯಲ್ಲಿ ಗೋಡೆಯನ್ನು ಎದುರಿಗೆ ಕೂರಿಸಿಕೊಂಡು ಮಾತಾಡುವುದನ್ನು ಅಭ್ಯಾಸ ಮಾಡಿದೆ. ರೈಟ್ ಎನ್ನಬಾರದು, ‘ಸರಿ’ ಎನ್ನಬೇಕು, ‘ಆಗಲಿ’ ಎನ್ನಬೇಕು, ‘ನಿಮಗೆ ಹೇಗೆ ಅನ್ನಿಸುತ್ತೆ’ ಎಂದು ಕೇಳಬೇಕು. ಯಾರನ್ನೂ ಹಾಗೆ ಕೇಳಿ ಎಷ್ಟು ಕಾಲವಾಗಿತ್ತೋ.

ಬುಧವಾರ ಬೆಳಿಗ್ಗೆ ಸ್ಟ್ಯಾಂಡಿನ ಜವಾಬ್ದಾರಿಯನ್ನು ನಾಗಣ್ಣನಿಗೆ ಒಪ್ಪಿಸಿದೆ. ಬಸ್ಸು ಬಂದ ಕೂಡಲೇ ಡ್ರೈವರ್ ಹಿಂದಿನ ಸೀಟಿನ ಮೇಲೆ ಬ್ಯಾಗು ಇಟ್ಟು, ಅದರ ಪಕ್ಕದಲ್ಲಿ ನನ್ನ ಹೊಸ ಟವೆಲ್ ಹಾಸಿ, ಕೂತೆ. ಜೀವನದಲ್ಲಿ ಮೊದಲ ಸಲ ಆ ಬಸ್ಸಿನ ಕಿಟಕಿಯಿಂದ ಸ್ಟ್ಯಾಂಡನ್ನು ನೋಡಿದೆ. ಒಳಗಿನಿಂದ ಅದು ಬಹಳ ಚಿಕ್ಕದಾಗಿ ಕಂಡಿತು. ನಾಗಣ್ಣ ಒಂದು ಕೈಯಲ್ಲಿ ಟೀ ಜಾಲರಿ ಹಿಡಿದುಕೊಂಡೇ ‘ವಳಕೆರೆ, ವಳಕೆರೆ’ ಎಂದು ಕೂಗುತ್ತಿದ್ದ. ಹಾಗೆ ಕೂಗಿದರೆ ಹೊಳಲ್ಕೆರೆಯವನೇ ಹತ್ತುವುದಿಲ್ಲ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಇಳಿದು, ನಾಲ್ಕು ಸಲ ಸರಿಯಾಗಿ ಕೂಗಿದೆ. ಜನ ಬಂದರು. ಒಬ್ಬಳು ಮುದುಕಿಗೆ ಮೆಟ್ಟಿಲು ಎತ್ತರವಾಗಿತ್ತು, ಹತ್ತಿಸಿದೆ. ಟಾಪಿನ ಮೇಲಿನ ಚೀಲದ ಹಗ್ಗ ಸಡಿಲವಾಗಿ ಕಂಡಿತು, ಬಿಗಿ ಮಾಡಿಸಿದೆ. ಹಿಂದಿನ ಬಾಗಿಲು ಹಾಕಿದೆಯೇ ನೋಡಿದೆ. ಎಲ್ಲ ಸರಿಯಾಗಿತ್ತು. ಇಷ್ಟು ಅಚ್ಚುಕಟ್ಟಾಗಿ ಬಸ್ಸು ಎಂದೂ ಹೊರಟಿರಲಿಲ್ಲ ಎಂದು ಸಂತೋಷವಾಯಿತು. ಆ ಸಂತೋಷದಲ್ಲಿ ಬಸ್ಸಿನ ಮೈಗೆ ಎರಡು ಸಲ ತಟ್ಟಿ ‘ರೈಟ್!’ ಎಂದೆ.

ಬಸ್ಸು ಹೋಯಿತು.

ನನಗೆ ತಿಳಿದದ್ದು ಧೂಳು ಮೂಗಿಗೆ ಬಂದ ಮೇಲೆ. ‘ನಿಲ್ಸ್ರಿ, ನಿಲ್ಸ್ರಿ’ ಎಂದು ಕೂಗುತ್ತ ಓಡಿದೆ. ಹೊಸ ಚಪ್ಪಲಿ ಕಚ್ಚುತ್ತಿತ್ತು. ಕಳಚಿ ಕೈಯಲ್ಲಿ ಹಿಡಿದುಕೊಂಡು ಓಡಿದೆ. ಹಿಂದಿನ ಸೀಟಿನಲ್ಲಿದ್ದ ಯಾರೋ ತಿರುಗಿ ನೋಡಿದ್ದು ಗಾಜಿನಲ್ಲಿ ಕಂಡಿತು. ಆಮೇಲೆ ತಿಳಿದದ್ದೇನೆಂದರೆ, ಅವನು ‘ಯಾರೋ ಓಡಿ ಬರ್ತಾವ್ರೆ ನಿಲ್ಸ್ರಿ’ ಎಂದು ಕೂಗಿದನಂತೆ. ಅದಕ್ಕೆ ಬಾಷಾ ಸಾಬರು ಸ್ಟಿಯರಿಂಗಿನಿಂದ ಕಣ್ಣು ತೆಗೆಯದೆ, ‘ಏಜೆಂಟ್ರು ರೈಟ್ ಅಂದ್ಮೇಲೆ ಮುಗೀತು. ನಿಲ್ಸಿದ್ರೆ ಆ ಮನುಷ್ಯ ನನ್ನ ಸುಮ್ನೆ ಬಿಡ್ತಾನಾ?’ ಎಂದರಂತೆ. ನಾನು ಪೆಟ್ರೋಲ್ ಬಂಕಿನ ತನಕ ಓಡಿ ನಿಂತೆ. ದುರ್ಗದ ಕಡೆಗೆ ಲಾರಿ ಯಾವಾಗ ಎಂದು ಕೇಳಿದರೆ ಲೋಡಾಗುವುದು ಸಂಜೆಗೆ ಎಂದರು. ಚಪ್ಪಲಿ ಕೈಯಲ್ಲೇ ಹಿಡಿದುಕೊಂಡು ಸ್ಟ್ಯಾಂಡಿಗೆ ವಾಪಸು ಬಂದೆ. ನಾಗಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಯಾಕ್ರಿ, ಹೋಗ್ಲಿಲ್ಲೇನ್ರಿ? ನೀವೇ ರೈಟ್ ಅಂದ್ರಲ್ಲ, ನಾ ಕೇಳಿಸ್ಕೊಂಡೆ’ ಎಂದ. ಅವನ ಮೇಲೆ ಸಿಟ್ಟು ಬಂತು. ಆದರೆ ಅವನು ಕೂಡಲೇ ಟೀ ಸೋಸಿ ಕೊಟ್ಟದ್ದರಿಂದ ಅದೂ ಇಳಿಯಿತು. ಆ ಟೀ ಕುಡಿಯುವಾಗ ನನಗೆ ಅಳು ಬಂದದ್ದನ್ನು ಇಲ್ಲಿ ಯಾಕೆ ಮುಚ್ಚಿಡಲಿ.

ನನ್ನ ಟವೆಲ್ ಮಾತ್ರ ಮರ್ಯಾದೆಯಿಂದ ಪ್ರಯಾಣ ಮಾಡಿತು. ಬಸ್ಸಿನಲ್ಲಿ ಜನ ಒಬ್ಬರ ಕಾಲ ಮೇಲೊಬ್ಬರು ನಿಂತಿದ್ದರೂ ಏಜೆಂಟರ ಟವೆಲ್ ಎಂದು ಆ ಸೀಟಿನಲ್ಲಿ ಯಾರೂ ಕೂರಲಿಲ್ಲ. ಟಿಕೆಟ್ ಕೊಡುತ್ತ ಮುಂದೆ ಬಂದ ತಿಪ್ಪೇಸ್ವಾಮಿಗೆ ಖಾಲಿ ಸೀಟು ಕಂಡಿತಂತೆ. ಏಜೆಂಟ್ರು ಟಾಪ್ ಹತ್ತಿ ಹಗ್ಗ ನೋಡುತ್ತಿರಬೇಕು, ಆ ಮನುಷ್ಯನಿಗೆ ಮದುವೆಗಿಂತ ಹಗ್ಗ ಮುಖ್ಯ ಎಂದುಕೊಂಡನಂತೆ. ಹೊಳಲ್ಕೆರೆಯಲ್ಲಿ ನನ್ನನ್ನು ಟೀಗೆ ಕರೆಯಲು ಏಣಿ ಹತ್ತಿ ನೋಡಿದರೆ ಅಲ್ಲಿ ಚೀಲಗಳು ಮತ್ತು ಒಂದು ಆಡು. ಬಸ್ಸನ್ನು ತಿರುಗಿಸುವ ಹಾಗಿಲ್ಲ. ಬರಿಗೈಯಲ್ಲಿ ಹೋಗಿ ಗಂಡು ಬರಲಿಲ್ಲ ಎನ್ನುವುದಕ್ಕಿಂತ, ಬರುವ ಮನಸ್ಸಿತ್ತು ಎನ್ನುವುದಕ್ಕೆ ಗುರುತಾದರೂ ಇರಲಿ ಎಂದು ಆ ಪುಣ್ಯಾತ್ಮ ಬ್ಯಾಗನ್ನೂ ಟವೆಲ್ಲನ್ನೂ ಮದಕರಿಪುರಕ್ಕೆ ಹೊತ್ತುಕೊಂಡು ಹೋದ.

ಸಂಜೆ ಬಸ್ಸು ಬಂದಾಗ ನಾನು ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತಿದ್ದೆ. ತಿಪ್ಪೇಸ್ವಾಮಿ ಬ್ಯಾಗನ್ನೂ ಟವೆಲ್ಲನ್ನೂ ಪಕ್ಕದಲ್ಲಿ ಇಟ್ಟ. ಕಾಯಿ, ಹಣ್ಣು, ಹೂವು, ಮೈಸೂರುಪಾಕು ಹಾಗೇ ಇದ್ದವು. ಅದರ ಮೇಲೆ ಮುತ್ತುಗದ ಎಲೆಯಲ್ಲಿ ಕಟ್ಟಿದ ಹೋಳಿಗೆ ಹೊಸದಾಗಿ ಸೇರಿತ್ತು. ಅವರು ಕೊಟ್ಟದ್ದು ನೋಡಿ ಒಂದು ಕ್ಷಣ ನನಗೆ ಆಸೆ ಹುಟ್ಟಿತು.

‘ಏನಂದ್ರು?’ ಎಂದೆ.

‘ಹಿರೀರು ಸ್ವಲ್ಪ ನಕ್ರು. ತನ್ನನ್ನೇ ಬಿಟ್ಟು ಬಸ್ ಕಳ್ಸಿದೋನು ನಾಳೆ ಹೆಂಡ್ತೀನ ಯಾವ ಊರಿಗೆ ಕಳಿಸ್ತಾನೋ ಅಂದ್ರು.’

‘ಆಮೇಲೆ?’

ತಿಪ್ಪೇಸ್ವಾಮಿ ಟಿಕೆಟ್ಟಿನ ಚೀಲ ಸರಿಮಾಡಿಕೊಂಡ. ‘ಆಮೇಲೇನಿಲ್ಲ. ಗಂಡು ಬರ್ದೇ ಚೀಲ ಬಂದೈತೆ, ಶಕುನ ಸರಿಯಿಲ್ಲ, ರೈಟ್ ಬಿಡ್ರಿ ಅಂದ್ರು.’

ನಾನು ಇನ್ನೊಂದು ದಿನ ಹೋಗೋಣ ಎನ್ನಬಹುದಿತ್ತು. ನಾನೇ ಬಂದು ಕೈಮುಗಿದು ಹೇಳುತ್ತೇನೆ, ಇದು ಕೆಲಸದ ಚಾಳಿ, ಮನಸ್ಸಿನದಲ್ಲ ಎನ್ನಬಹುದಿತ್ತು. ತಿಪ್ಪೇಸ್ವಾಮಿಯೂ ಅದನ್ನೇ ಕಾಯುತ್ತಿದ್ದನೋ ಏನೋ, ಸ್ವಲ್ಪ ಹೊತ್ತು ನನ್ನ ಮುಖ ನೋಡುತ್ತ ನಿಂತಿದ್ದ. ನಾನು ‘ರೈಟ್’ ಎಂದೆ. ಅವನು ಹೋದ. ಹೋಳಿಗೆಯನ್ನು ಕೋಣೆಗೆ ತೆಗೆದುಕೊಂಡು ಹೋಗಿ ತಿಂದೆ. ಚೆನ್ನಾಗಿತ್ತು. ಬ್ಯಾಗನ್ನು ಗೋಡೆಯ ಪಕ್ಕದಲ್ಲಿ ಇಟ್ಟೆ. ಅದು ಈಗಲೂ ಇಟ್ಟಲ್ಲೇ ಇದೆ.

ಯುಗಾದಿ ಕಳೆದ ಮೇಲೆ ಒಂದು ದಿನ ನಮ್ಮ ಬಸ್ಸು ದುರ್ಗಕ್ಕೆ ಹೊರಡುವ ಹೊತ್ತು. ತಿಪ್ಪೇಸ್ವಾಮಿ ನನ್ನ ಹತ್ತಿರ ಬಂದು ದನಿ ತಗ್ಗಿಸಿ, ‘ಅಗೋ, ಮುಂದ್ಗಡೆ ಹತ್ತುತಾವ್ಳಲ್ಲ, ಅವ್ಳೇ ನಮ್ಮ ಸಿದ್ದಮ್ಮ. ಈ ಕಡೆ ಹಳ್ಳಿಗೇ ಕೊಟ್ವಿ. ತವರಿಗೆ ಹೊಂಟವ್ಳೆ’ ಎಂದ. ನಾನು ನೋಡಿದೆ. ಕಪ್ಪಗೆ, ಎತ್ತರಕ್ಕೆ, ಕುರಿ ಹಿಂದೆ ನಡೆದು ಗಟ್ಟಿಯಾದ ಕಾಲಿನ ಹೆಂಗಸು. ಅವಳು ಕಿಟಕಿಯ ಪಕ್ಕ ಕೂತಳು, ಪಕ್ಕದ ಸೀಟಿನಲ್ಲಿ ಗಂಡನಿಗೆಂದು ಟವೆಲ್ ಹಾಸಿದಳು. ತಿಪ್ಪೇಸ್ವಾಮಿ ಏನು ಹೇಳಿದನೋ, ನನ್ನ ಕಡೆ ತಿರುಗಿ ನಕ್ಕಳು.

‘ಅಣ್ಣಾ, ನೀವೇನಾ ಏಜೆಂಟ್ರು? ನಿಮ್ಮ ಟವೆಲ್ ನಾ ನೋಡಿದೀನಿ.’

ನಾನು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡೆ.

‘ಅವತ್ತು ನೀವು ಕುಂತ್ಕಬೇಕಾದ ಚಾಪೆ ಮ್ಯಾಲೆ ನಿಮ್ಮ ಬ್ಯಾಗು, ಟವೆಲ್ಲು ಇಟ್ಟಿದ್ರು. ನಾ ತಲೆ ಬಗ್ಗಿಸ್ಕೊಂಡು ಕಾಫಿ ತಂದೋಳು ಅದ್ರ ಮುಂದೇ ಇಟ್ಟೆ. ಎಲ್ಲಾರೂ ಬಿದ್ದು ಬಿದ್ದು ನಕ್ರು. ನಂಗೆ ಮಾತ್ರ ಪಾಪ ಅನ್ನುಸ್ತು. ನಾಳಿಕ್ಕೆ ಬರ್ತಾರೇನೋ ಅಂತ ಎಲ್ಡು ದಿನ ನೋಡ್ದೆ.’

ಇಷ್ಟು ಹೇಳಿ ಅವಳು ಮತ್ತೆ ನಕ್ಕಳು. ಅವಳ ಮಟ್ಟಿಗೆ ಅದು ಮುಗಿದ ಮಾತು, ನಗಬಹುದಾದ ಮಾತು. ಆ ಎರಡು ದಿನವೂ ನಾನು ಇಲ್ಲೇ ನಿಂತು ಬೆಳಗಿನ ಬಸ್ಸಿಗೆ ರೈಟ್ ಹೇಳಿದ್ದೆ. ಮುಂದಿನ ಸೀಟು ಎರಡು ದಿನವೂ ಖಾಲಿ ಇತ್ತು.

ಹೊತ್ತಾಯಿತು. ಬಾಷಾ ಸಾಬರು ಇಂಜಿನ್ ಶುರುಮಾಡಿದರು. ಅವಳ ಗಂಡ ಎಲೆಅಡಿಕೆ ತರಲು ಅಂಗಡಿ ಬೀದಿಗೆ ಹೋದವನು ಬಂದಿರಲಿಲ್ಲ. ಅವಳು ಕಿಟಕಿಯಿಂದ ಕತ್ತು ಹೊರಹಾಕಿ ನೋಡುತ್ತಿದ್ದಳು. ನನ್ನ ಕಾನೂನಿನ ಪ್ರಕಾರ ಬಸ್ಸು ಹೊರಡಬೇಕು. ನಾನು ಬಸ್ಸಿನ ಮುಂದೆ ಹೋಗಿ ಅಡ್ಡ ನಿಂತುಕೊಂಡೆ.

‘ಏನ್ರೀ ಏಜೆಂಟ್ರೇ, ಟೈಮಾತು. ಯಾರಿಗೆ ಕಾಯ್ತೀರಿ?’ ಎಂದು ಬಾಷಾ ಸಾಬರು ಬೆರಗಾಗಿ ಕೇಳಿದರು.

‘ಒಬ್ರು ಬರೋದು ಐತೆ’ ಎಂದೆ.

ಒಳಗಿದ್ದವರು ಗೊಣಗಿದರು, ಒಬ್ಬ ಬೈದ. ಕೊನೆಗೂ ಆ ಗಂಡ ಎನ್ನುವ ಭಾಗ್ಯವಂತ ಯಾವ ಅವಸರವೂ ಇಲ್ಲದೆ ಎಲೆಗೆ ಸುಣ್ಣ ಹಚ್ಚುತ್ತ ಬಂದ, ಹತ್ತಿದ, ಟವೆಲ್ ತೆಗೆದು ಕೂತ. ನಾನು ಪಕ್ಕಕ್ಕೆ ಸರಿದು ಬಸ್ಸಿನ ಮೈಗೆ ಎರಡು ಸಲ ತಟ್ಟಿದೆ. ದನಿ ಮಾತ್ರ ಬರಲಿಲ್ಲ. ಬಾಷಾ ಸಾಬರು ಕಿಟಕಿಯಿಂದ ತಲೆ ಹೊರಹಾಕಿ, ‘ರೈಟಾ?’ ಎಂದು ಕೇಳಿದರು. ನಾನು ‘ರೈಟ್’ ಎಂದೆ.

ಬುಧವಾರದ ಆ ಘಟನೆಯ ನಂತರ ನನಗೊಂದು ಹೊಸ ಚಾಳಿ ಅಂಟಿಕೊಂಡಿದೆ. ಬಸ್ಸು ಹೊರಟ ಕೂಡಲೇ ನಾನು ಒಳಗಿದ್ದೇನೋ ಹೊರಗಿದ್ದೇನೋ ಎಂದು ಒಮ್ಮೆ ನೋಡಿಕೊಳ್ಳುತ್ತೇನೆ. ಅಂದೂ ನೋಡಿಕೊಂಡೆ. ಕಾಲು ನೆಲದ ಮೇಲಿತ್ತು, ಟವೆಲ್ ಹೆಗಲ ಮೇಲಿತ್ತು. ನಾನು ಸ್ಟ್ಯಾಂಡಿನಲ್ಲೇ ಇದ್ದೆ.